ಬಾಟಲಿಯ ಬದಲು ಅಂಬಲಿ ತಿಳಿ

ಹೈದರಾಬಾದಿನಿಂದ ತರಿಸಿದ ಬಿಳಿ ವೈನಿನ ಬಾಟಲಿಗೆ ಅರವತ್ತಾರು ರೂಪಾಯಿ. ಮೀನು ಮೂರು ಕಿಲೋ, ಮೂವತ್ತು ರೂಪಾಯಿ. ಬೆಣ್ಣೆ ಅರ್ಧ ಕಿಲೋ, ಹದಿನೆಂಟು. ದೇವಕಮ್ಮನ ದಿನಗೂಲಿ ಹನ್ನೊಂದು. ಜೀಪಿನ ಡ್ರೈವರ್ ದುರಗಪ್ಪ ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ, ತಾನು ಆರು ದಿನ ಒಲೆಯ ಮುಂದೆ ನಿಂತದ್ದು ಈ ಒಂದು ಬಾಟಲಿಯಲ್ಲಿ ತುಂಬಿದೆ ಎಂದುಕೊಂಡಳು.

ಶಹಾಪುರದ ಹೊಲಗಳಿಗೆ ಕಾಲುವೆ ನೀರು ಬರತೊಡಗಿದ ಹೊಸದು. ಕಾಲುವೆ ಕ್ಯಾಂಪಿನ ಗೆಸ್ಟ್ ಹೌಸಿನಲ್ಲಿ ಅವಳು ಅಡುಗೆಗೆ ನಿಂತು ಒಂಬತ್ತು ವರ್ಷವಾಗಿತ್ತು, ಹಾಜರಿ ಪುಸ್ತಕದಲ್ಲಿ ಮಾತ್ರ ಇನ್ನೂ ದಿನಗೂಲಿಯವಳು. ಆ ವಾರ ಕಾಯಂ ಮಾಡಬೇಕಾದವರ ಪಟ್ಟಿ ಹೋಗುವುದಿತ್ತು. ಬರೆಯುವವರು ಇಂಜಿನಿಯರ್ ಬಸವಂತ್ರಾಯರು. ಮೊಣಕಾಲು ನೋವು ಶುರುವಾಗಿದ್ದ ಅವಳಿಗೆ ಆ ಪಟ್ಟಿ ಬಿಟ್ಟರೆ ಮುಂದಿನ ದಾರಿ ಇರಲಿಲ್ಲ.

ಬೆಳಿಗ್ಗೆಯೇ ಅವರು ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದರು. "ಮಧ್ಯಾಹ್ನ ಕಾಲುವಿ ನೋಡಾಕ ಬಂದ ಪರದೇಶದ ಸಾಹೇಬ್ರು ಊಟಕ್ಕ ಬರ್ತಾರ. ಮೀನಕ್ಕ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬೆಣ್ಣಿ, ಆಮ್ಯಾಲ ಈ ವೈನು ಒಂದು ಗ್ಲಾಸ್ ಹಾಕಿ ಕುದಿಸು. ಖಾರ ಬ್ಯಾಡ. ಇದೊಂದು ಚಂದಾಗಿ ಆಗಲಿ ದೇವಕಮ್ಮ, ಪಟ್ಟಿ ನನ್ನ ಟೇಬಲ್ ಮ್ಯಾಲೇ ಅದ."

ಅವಳು ಹೂಂ ಅಂದಿದ್ದಳು. ಅವರು ಹೋದ ಮೇಲೆ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

ನಾಲ್ಕು ವರ್ಷದ ಹಿಂದೆ, ಗಂಡ ಕುಡಿದು ಕುಡಿದು ತೀರಿಕೊಂಡ ವರ್ಷ, ಅವಳು ಯಾದಗಿರಿಯಲ್ಲಿ ಬಿಳಿ ಸೀರೆಯುಟ್ಟು ಬುದ್ಧನ ಮುಂದೆ ಪಂಚಶೀಲ ತೆಗೆದುಕೊಂಡಿದ್ದಳು. ಮೊದಲನೆಯದು, ಜೀವ ಕೊಲ್ಲಬಾರದು. ಐದನೆಯದು, ಅಮಲಿನದು ಯಾವುದೂ ಬಾಯಿಗೆ ಹೋಗಬಾರದು. ಬೇರೆಯವರ ತಾಟಿಗೆ ಬಡಿಸುವುದಕ್ಕೆ ಅವಳ ಅಡ್ಡಿಯೇನೂ ಇರಲಿಲ್ಲ. ಆದರೆ ರುಚಿ ನೋಡದೆ ಒಂದು ಪಲ್ಯವನ್ನೂ ಅವಳು ಆ ಅಡುಗೆಮನೆಯಿಂದ ಹೊರಗೆ ಕಳಿಸಿದವಳಲ್ಲ. ವೈನು ಬಿದ್ದ ಮೇಲೆ ಉಪ್ಪು ನೋಡುವುದು ಹೇಗೆ?

"ತಮ್ಮಾ, ಇದನ್ನ ನೀ ಒಂದು ಗುಟುಕು ಕುಡಿದು ನೋಡು," ಎಂದಳು ದುರಗಪ್ಪನಿಗೆ. "ಹ್ಯಾಂಗದ ಹೇಳು."

"ಹಿಂಗ ಯಾರೂ ನನಗ ಕೆಲಸ ಹಚ್ಚಿಲ್ಲಬೇ ಅಕ್ಕಾ." ಅವನು ಬಿರಡೆ ತೆಗೆದು ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು, ಮುಖ ಸಿಂಡರಿಸಿ ನುಂಗಿದ. "ಹುಳಿ ಅದ. ಸ್ವಲ್ಪ ಒಗರು. ಕಡೀಕ ಒಂದೀಟು ಸಿಹಿ. ಇದಕ್ಕ ಅರವತ್ತಾರು ರೂಪಾಯಿ ಕೊಟ್ಟಾರಲ್ಲ, ನಮ್ಮ ಸೇಂದಿನೇ ಚಲೋ."

"ಸಾಕು, ಇಡು."

"ಮೀನ ಕೊಲ್ಲಬೌದು, ಇದನ್ನ ಮುಟ್ಟಬಾರದು. ಭಾಳ ಚಂದ ಅದ ನಿಮ್ಮ ಶೀಲ."

"ಕೊಂದಾಂವ ಮೀನಗಾರ. ನೀ ಜೀಪ್ ಒರಸು ಹೋಗು."

ಹುಳಿ, ಒಗರು, ಚೂರು ಸಿಹಿ. ವೈನಿಲ್ಲದೆ ಈ ರುಚಿ ಯಾವುದರಿಂದ ತರುವುದು? ಹುಣಸೆ ಹಾಕಿದರೆ ಮೀನು ಕಪ್ಪಾಗುತ್ತದೆ. ಮಜ್ಜಿಗೆ ಒಡೆಯುತ್ತದೆ. ನಿಂಬೆಹುಳಿ ಬಹಳ ಹೊತ್ತು ಕುದಿದರೆ ಕಹಿ. ಮೂಲೆಯಲ್ಲಿ ಅವಳ ಸ್ವಂತ ಊಟದ ಗಡಿಗೆ ಇತ್ತು. ಜೋಳದ ಹಿಟ್ಟು ನೀರಲ್ಲಿ ಕಲಸಿ, ಅಂಬಲಿಗೆಂದು ಎರಡು ದಿನ ಹುಳಿ ಬರಲು ಇಟ್ಟದ್ದು. ಹಿಟ್ಟು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತ್ತು. ಒಂದು ಗ್ಲಾಸು ಬಗ್ಗಿಸಿಕೊಂಡು ಅರ್ಧ ಚಮಚ ಸಕ್ಕರೆ ಕದಡಿ ನೆಕ್ಕಿ ನೋಡಿದಳು. ಬೆಣ್ಣೆಯಲ್ಲಿ ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಅದನ್ನು ಸುರಿದು, ಅರ್ಧ ಇಂಗುವತನಕ ಬಿಟ್ಟು, ಮೀನು ಇಟ್ಟು ಮುಚ್ಚಿದಳು. ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆ. ಉಪ್ಪು ನೋಡಿದಳು. ಸರಿಯಾಗಿತ್ತು.

ಪರದೇಶದ ಸಾಹೇಬ ಉದ್ದನೆಯ, ಬಿಸಿಲಿಗೆ ಕೆಂಪಾದ ಮನುಷ್ಯ. ಎರಡು ಸಲ ಹಾಕಿಸಿಕೊಂಡ. ಆಮೇಲೆ ಬಸವಂತ್ರಾಯರಿಗೆ ಏನೋ ಕೇಳಿದ. ಅವರು ಖುಷಿಯಿಂದ ಒಳಗೆ ಕೂಗಿದರು.

"ದುರಗಪ್ಪಾ, ಆ ಉಳಿದ ವೈನು ತಗೊಂಬಾ. ಸಾಹೇಬ್ರು ಊಟದ ಜೋಡಿ ಕುಡೀತಾರಂತ."

ಅಡುಗೆಗೆ ಹಾಕುವ ಸಾಮಾನನ್ನೇ ಊಟಕ್ಕೆ ಕೂತು ಕುಡಿಯುತ್ತಾರೆಂದು ಅಡುಗೆಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಚ್ಚಿಡಬೇಕೆಂದು ಅವಳಿಗೆ ಹೊಳೆಯುವಷ್ಟರಲ್ಲಿ ದುರಗಪ್ಪ ಬಾಟಲಿ ಒಯ್ದು ಟೇಬಲ್ಲಿನ ಮೇಲೆ ಇಟ್ಟಾಗಿತ್ತು. ಕಂಠದವರೆಗೆ ತುಂಬಿದ ಬಾಟಲಿ. ಸಾಹೇಬ ಅದನ್ನು ನೋಡಿದ, ಖಾಲಿ ತಾಟು ನೋಡಿದ, ನಕ್ಕ. ಬಸವಂತ್ರಾಯರು ನಗಲಿಲ್ಲ. ಅವಳನ್ನು ಕರೆಸಿದರು.

"ಮೀನಕ್ಕ ಏನು ಹಾಕಿದಿ?"

ಸುಳ್ಳು ಹೇಳಲು ಜಾಗವಿರಲಿಲ್ಲ. ಅಷ್ಟು ಹುರುಪೂ ಇರಲಿಲ್ಲ. "ಅಂಬಲಿ ತಿಳಿನೀರು ಹಾಕೇನ್ರಿ."

ಅವರು ಇಂಗ್ಲಿಷಿನಲ್ಲಿ ಸಾಹೇಬನಿಗೆ ಏನು ಹೇಳಿದರೋ ಅವಳಿಗೆ ತಿಳಿಯಲಿಲ್ಲ. ಅಂಬಲಿ ಎಂಬ ಶಬ್ದ ಅದರಲ್ಲಿ ಬರಲಿಲ್ಲ. ಸಾಹೇಬ ತಾಟಿನಲ್ಲಿ ಉಳಿದ ರಸವನ್ನು ರೊಟ್ಟಿಯಿಂದ ಒರೆಸಿ ತಿಂದ.

ಮರುದಿನ ಬಸವಂತ್ರಾಯರು ಅವಳನ್ನು ಆಫೀಸಿಗೆ ಕರೆದರು. ಕೆಟ್ಟ ಮನುಷ್ಯರಲ್ಲ. ನಿದ್ದೆ ಇಲ್ಲದವರಂತೆ ಕಾಣುತ್ತಿದ್ದರು.

"ದುರಗಪ್ಪ ಎಲ್ಲಾ ಹೇಳಿದ. ಕುಡಿಯೂದು ಮುಟ್ಟಂಗಿಲ್ಲಂತ ನಿನ್ನೆ ಮುಂಜಾನೇನೇ ನೀ ಹೇಳಬಾರದೇನು?"

"ಹೇಳಿದ್ರ ಬ್ಯಾರೇದವರ್ನ ಕರೀತಿದ್ರಿ."

"ಕರೀತಿದ್ದೆ." ಟೇಬಲ್ಲಿನ ಮೇಲಿದ್ದ ಪಟ್ಟಿಯನ್ನು ಎಳೆದುಕೊಂಡರು. "ಕೂಲಿಯವರು ಕುಡಿಯೂ ಅಂಬಲಿ, ಅಂಥಾ ಮನಿಷ್ಯಾಗ ಬಡಿಸಿಬಿಟ್ಟಿ. ಮೇಲಿನವರಿಗೆ ಸುದ್ದಿ ಹೋದ್ರ ನಾ ಏನು ಹೇಳಲಿ?"

"ತಾಟು ಖಾಲಿ ಆಗಿತ್ತಲ್ರಿ."

"ಆಗಿತ್ತು. ಅದಕ್ಕ ನಿನ್ನ ಹೆಸರು ಪೂರಾ ತೆಗಿಯಾಕ ಮನಸಿಲ್ಲ. ಝಾಡು ಹೊಡಿಯೂ, ಕಸಾ ಗುಡಿಸೂ ಕೆಲಸಕ್ಕ ಬರದೇನಿ. ಅಡಗಿಗೆ ಯಾದಗಿರಿ ಹೋಟೆಲಿನ ಖಂಡಪ್ಪ ಬರ್ತಾನ. ನೀ ಒಲ್ಲೆಂದ್ರ ಈಗ ಹೇಳು, ಹೆಸರು ಹೊಡೆದು ಹಾಕ್ತೀನಿ."

ಅವಳು ಬಾಗಿಲ ಹೊರಗೆ ನೋಡಿದಳು. ಅಡುಗೆಮನೆಯ ಹೊಗೆಗೊಳವೆ ಅಲ್ಲಿಂದ ಕಾಣುತ್ತಿತ್ತು. ಈ ವಯಸ್ಸಿನಲ್ಲಿ ಹತ್ತಿ ಬಿಡಿಸಲು ಹೋದರೆ ಎಷ್ಟು ದಿನ ಹೋದೇನು ಎಂದು ಯೋಚಿಸಿದಳು. ಬಹಳ ದಿನವಲ್ಲ.

"ಎಲ್ಲಿ ಒತ್ತಬೇಕ್ರಿ?"

ಅವರು ಶಾಯಿಯ ಡಬ್ಬಿ ಮುಂದೆ ಸರಿಸಿದರು. ಅವಳು ಹೆಬ್ಬೆಟ್ಟು ಒತ್ತಿದಳು.

ಮೂರು ತಿಂಗಳಿಗೆ ಆರ್ಡರ್ ಬಂತು. ದೇವಕಮ್ಮನಿಗೆ ತಿಂಗಳ ಪಗಾರ ಬಂತು, ವಾರಕ್ಕೊಂದು ರಜೆ ಬಂತು, ಮುಪ್ಪಿನಲ್ಲಿ ಪಿಂಚಣಿ ಬರುವುದು ಗಟ್ಟಿಯಾಯಿತು. ಅಡುಗೆ ಮಾಡುವ ಕೆಲಸ ಹೋಯಿತು.