ಪಟ್ಟಿಯಲ್ಲಿಲ್ಲದ ಕೋಲು

ಗಡಿಯಾಚೆ, ಫೋಂಡಾದ ಡಬ್ಬಿ ಕಾರ್ಖಾನೆಯಲ್ಲಿ ಶಿವವ್ವ ಆರು ವರ್ಷದಿಂದ ತಗಡಿನ ಮುಚ್ಚಳ ಒತ್ತುತ್ತಿದ್ದಳು. ಪೆಡಲ್ ತುಳಿದರೆ ಪ್ರೆಸ್ ಬೀಳುತ್ತದೆ, ಮುಚ್ಚಳ ಹೊರಗೆ ಬರುತ್ತದೆ. ಆದರೆ ಹತ್ತರಲ್ಲೊಂದು ಅಚ್ಚಿಗೇ ಕಚ್ಚಿಕೊಂಡು ಕೂರುತ್ತಿತ್ತು. ಅದನ್ನು ಕೈ ಹಾಕಿಯೇ ಕೀಳಬೇಕು. ಆಗ ಕಾಲು ಮೈಮರೆತು ಪೆಡಲ್ ಒತ್ತಿತೋ, ಬೆರಳು ಹೋಯಿತು.

ಹೆದರಿ ಹೆದರಿ ಕಡೆಗೆ ಅವಳೇ ಒಂದು ಉಪಾಯ ಹುಡುಕಿದಳು. ಗುಜರಿ ಅಂಗಡಿಯಿಂದ ಕೆಟ್ಟ ಸ್ಪೀಕರ್ ತಂದು, ಅದರ ಅಯಸ್ಕಾಂತ ಬಿಚ್ಚಿ, ಬಿದಿರು ಕೋಲಿನ ತುದಿಗೆ ತಂತಿಯಿಂದ ಬಿಗಿದಳು. ಕೋಲು ಒಳಗೆ ಹೋದರೆ ಮುಚ್ಚಳ ತಾನಾಗಿ ಅಂಟಿಕೊಂಡು ಬರುತ್ತಿತ್ತು. ಪಕ್ಕದ ನಾಲ್ಕನೇ ಪ್ರೆಸ್ಸಿನ ಕಾಳಿಬಾಯಿ, "ಯಕ್ಕಾ, ನಿನ್ನ ಗಂಡಗ ಇದರಾಗಿನ ಅರ್ಧಾ ಬುದ್ಧಿ ಇದ್ದಿದ್ರ ನೀ ಇಲ್ಲಿಗೆ ಬರ್ತಿದ್ದಿಲ್ಲ ನೋಡು" ಎಂದು ನಕ್ಕು, ತನಗೂ ಒಂದು ಮಾಡಿಸಿಕೊಂಡಳು. ಸೂಪರ್‌ವೈಸರ್ ಮೈಬೂಬಸಾಬ ಕಂಡೂ ಕಾಣದವನಂತಿದ್ದ. ಎಂಟು ತಿಂಗಳು ಯಾರ ಕೈಯಿಂದಲೂ ಒಂದು ಹನಿ ರಕ್ತ ಬರಲಿಲ್ಲ.

ಖಂಡೇನವಮಿ ಬಂತು. ದುಡಿದ ಹತಾರವನ್ನು ಪೂಜೆಗಿಡದೆ ಬಿಡುವುದು ಹೇಗೆ? ಶಿವವ್ವ ಎರಡೂ ಕೋಲಿಗೆ ಕುಂಕುಮ ಹಚ್ಚಿ, ಚೆಂಡುಹೂ ಸುತ್ತಿ, ಪ್ರೆಸ್ಸುಗಳ ಮುಂದೆ ನಿಲ್ಲಿಸಿದಳು. ಪೂಜೆಯ ಫೋಟೊ ಹೆಡ್ ಆಫೀಸಿಗೆ ಹೋಯಿತು. ಅಲ್ಲಿಂದ ಪ್ರಶ್ನೆ ಬಂತು: ಈ ಕೋಲುಗಳು ಉಪಕರಣಗಳ ಯಾವ ಪಟ್ಟಿಯಲ್ಲಿವೆ?

ಸುರಕ್ಷತೆಯ ಅಧಿಕಾರಿ ಸೋಫಿಯಾ ಮೇಡಂ ಕೆಟ್ಟವಳೇನಲ್ಲ. ಕೋಲನ್ನು ಆಡಿಸಿ ನೋಡಿ ತಲೆದೂಗಿದಳು, ಆಮೇಲೆ ಎರಡನ್ನೂ ಸ್ಟೋರಿನಲ್ಲಿಟ್ಟು ಬೀಗ ಹಾಕಿಸಿದಳು. ಹೊಸ ಉಪಾಯಕ್ಕೆಂದೇ ಒಂದು ಅರ್ಜಿಯಿದೆ, ಸಮಿತಿ ಮೂರು ತಿಂಗಳಿಗೊಮ್ಮೆ ಕೂಡುತ್ತದೆ ಎಂದಳು. ಅರ್ಜಿಯ ಮೊದಲ ಸಾಲಿನಲ್ಲೇ ನೌಕರರ ನಂಬರ್ ಕೇಳಿದ್ದರು. ಶಿವವ್ವ ಗುತ್ತಿಗೆಯವಳು, ಆರು ವರ್ಷ ಮುಚ್ಚಳ ಒತ್ತಲು ಬೇಡವಾಗಿದ್ದ ನಂಬರ್ ಈಗ ಬೇಕಾಯಿತು. ಗುತ್ತಿಗೆದಾರನ ಪತ್ರವಾದರೂ ತಾ ಎಂದರು. ಅವನು ಫೋನೇ ಎತ್ತಲಿಲ್ಲ.

ಮುಚ್ಚಳ ಕಚ್ಚಿದರೆ ಯಂತ್ರ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಬೇಕೆಂದು ಗೋಡೆಯ ಮೇಲೆ ನಿಯಮ ಬರೆದಿತ್ತು. ಇಡೀ ಶೆಡ್ಡಿಗೆ ಅವನೊಬ್ಬನೇ. ದಿನಕ್ಕೆ ಇಷ್ಟು ಮುಚ್ಚಳವೆಂಬ ಲೆಕ್ಕ ಮಾತ್ರ ಒಂದೂ ಇಳಿಯಲಿಲ್ಲ. ಹೆಂಗಸರು ಮತ್ತೆ ಕೈ ಹಾಕತೊಡಗಿದರು. ಹನ್ನೆರಡನೇ ದಿನ ಕಾಳಿಬಾಯಿಯ ಬಲಗೈಯ ಎರಡು ಬೆರಳು ಹೋದವು.

ವಿಚಾರಣೆಯ ಕಾಗದದಲ್ಲಿ, ಪಟ್ಟಿಯಲ್ಲಿಲ್ಲದ ಉಪಕರಣ ಬಳಸಲಾಗಿತ್ತೇ ಎಂಬ ಪ್ರಶ್ನೆಯಿತ್ತು. ಇಲ್ಲ ಎಂದು ಬರೆದಾಗಿತ್ತು. ಕೆಲಸಗಾರ್ತಿ ನಿಯಮ ಮೀರಿ ಕೈ ಹಾಕಿದ್ದಾಳೆ ಎಂದೂ ಬರೆದಿತ್ತು. ಸಾಕ್ಷಿಯೆಂದು ಸಹಿ ಮಾಡಲು ಶಿವವ್ವನನ್ನು ಕರೆಸಿದರು. ಮೈಬೂಬಸಾಬ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದ.

"ಕೋಲು ಇರಲಿಲ್ಲ ಅನ್ನೂದು ಖರೇ ಐತಿ," ಎಂದಳು ಶಿವವ್ವ. "ಯಾಕ ಇರಲಿಲ್ಲ ಅನ್ನೂದನ್ನೂ ಬರಿ ಅನ್ರಿ ಮೇಡಮ್ಮಾರಿಗೆ."

ಅವನು ಹಿಂದಿಯಲ್ಲಿ ಹೇಳಿದ. ಸೋಫಿಯಾ ಕಾಗದವನ್ನು ಮೇಲಿಂದ ಕೆಳಗೆ ನೋಡಿದಳು. ಅದನ್ನು ಬರೆಯಲು ಇದರಲ್ಲಿ ಜಾಗವಿಲ್ಲ ಎಂದಳು.

"ಹಂಗಾರ ನನ್ನ ಸಹಿಗೂ ಜಾಗಾ ಇಲ್ರಿ."

ಪೆನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಮರುದಿನ ಅವಳ ಹೆಸರನ್ನು ನಾಲ್ಕನೇ ಪ್ರೆಸ್ಸಿಗೆ ಹಾಕಿದ್ದರು. ಅದನ್ನು ಚೆನ್ನಾಗಿ ತೊಳೆದಿದ್ದರು. ಕೆಲಸ ಬಿಟ್ಟರೆ ಬಾಡಿಗೆ ಖೋಲಿಯೂ ಬಿಡಬೇಕಿತ್ತು, ಕೂತಳು. ಒಂಬತ್ತು ಮುಚ್ಚಳ ಸರಿಯಾಗಿ ಬಂದವು. ಹತ್ತನೆಯದು ಕಚ್ಚಿಕೊಂಡಿತು. ಮೈಬೂಬಸಾಬ ಬೇರೆಡೆ ಮುಖ ತಿರುಗಿಸಿದ. ಶಿವವ್ವ ಪೆಡಲಿನಿಂದ ಕಾಲೆತ್ತಿ ಮಡಚಿ ತನ್ನಡಿಗೆ ಹಾಕಿಕೊಂಡು, ಕೈಯನ್ನು ಒಳಗೆ ಚಾಚಿದಳು.