ಕತ್ತಲಲ್ಲಿಟ್ಟ ಜೋಡಿ ಸೀಸೆ

ಕತಾಲ್ದೊ ತೀರಿಕೊಂಡು ಒಂದು ಚಳಿಗಾಲವೇ ಕಳೆದಿತ್ತು. ಆದರೂ ತಾರಾಂತೊ ಎಂಬ ಬಂದರು ಊರಿನ ಪ್ರಯೋಗಶಾಲೆಯ ಗೂಟದಿಂದ ಅವನ ಬಿಳಿ ಕೋಟನ್ನು ಇಳಿಸಲು ಹೆಂಡತಿ ನುನ್ಸಿಯಾಳಿಗೆ ಮನಸ್ಸು ಬಂದಿರಲಿಲ್ಲ. ಸುಳ್ಳೇಕೆ, ದಿನಾ ಬೆಳಗ್ಗೆ ಅದರ ತೋಳನ್ನು ಮುಟ್ಟಿಯೇ ಅವಳು ಕೆಲಸಕ್ಕೆ ಕೂರುತ್ತಿದ್ದಳು.

ಗಂಡ ಹೆಂಡತಿಗೆ ಒಂದೇ ಹುಚ್ಚು. ಬ್ಯಾಕ್ಟೀರಿಯಾಗಳಿಗೆ ಬಿಸಿಲು ಹೀರುವ ಹಳದಿ ಪುಡಿಯ ಅಂಗಿ ತೊಡಿಸುವುದು. ಅಂಗಿ ಬೆಳಕು ಹಿಡಿದುಕೊಟ್ಟರೆ, ಒಳಗಿನ ಜೀವ ಹೊಗೆಯ ಗಾಳಿಯನ್ನೇ ನುಂಗಿ ವಿನೆಗರ್ ಮಾಡಬೇಕು. ಕತಾಲ್ದೊ ಬಿಸಿಲಿಗಿಟ್ಟ ಕೊನೆಯ ಸೀಸೆ ಧಾರಾಳವಾಗಿ ಮಾಡಿತ್ತು. ಅವನು ಗೆದ್ದೇ ಹೋದ ಎಂಬ ಒಂದು ಸಮಾಧಾನದ ಮೇಲೆ ಅವಳು ಜೀವ ಹಿಡಿದುಕೊಂಡಿದ್ದಳು.

“ಕತ್ತಲ ಜೋಡಿ ಇಟ್ಟು ನೋಡಿದ್ಯೇನೇ?” ಎಂದು ಕೇಳಿದ, ಜೊತೆಗೆ ಕೆಲಸ ಮಾಡುವ ಎಜಿದಿಯೊ.

ಬಿಸಿಲಿಗೆ ಒಂದು ಸೀಸೆ ಇಟ್ಟರೆ, ಅಂಥದೇ ಇನ್ನೊಂದನ್ನು ಕತ್ತಲಲ್ಲಿಡುವುದು ಇವರ ಪದ್ಧತಿ. ಕತ್ತಲ ಸೀಸೆಯಲ್ಲೂ ವಿನೆಗರ್ ಬಂತೋ, ಬಿಸಿಲು ಮಾಡಿದ್ದೇನೂ ಇಲ್ಲ. ಆ ಕೊನೆಯ ಸೀಸೆಗೆ ಮಾತ್ರ ಕತಾಲ್ದೊ ಜೋಡಿ ಇಟ್ಟಿರಲಿಲ್ಲ.

“ಅವನು ತಪ್ಪು ಮಾಡೋನಲ್ಲ.”

“ಅಲ್ಲ ಕಣೇ, ಒಪ್ಪಿದೆ. ನಾಳೆ ಹೊರಗಿನವ್ರು ಕೇಳೋ ಬದ್ಲು ನಾವೇ ನೋಡ್ಬಿಡೋಣ.”

ಆ ಸೀಸೆಗೆಂದು ಕತಾಲ್ದೊ ತೊಳೆದಿಟ್ಟಿದ್ದ ಬ್ಯಾಕ್ಟೀರಿಯಾದಲ್ಲಿ ಮಿಕ್ಕಿದ್ದು ಫ್ರೀಜರಿನಲ್ಲಿ ಇನ್ನೂ ಇತ್ತು. ಅರ್ಧ ತೆಗೆದು ಒಂದು ಸೀಸೆಗೆ ತುಂಬಿ, ಕಪ್ಪು ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಳು. ವಾರ ಕಳೆದು ನೋಡಿದರೆ, ಕತ್ತಲಲ್ಲೂ ಅಷ್ಟೇ ವಿನೆಗರ್!

“ಸಕ್ಕರೆ ಉಳ್ಕೊಂಡಿದೆ,” ಎಂದ ಎಜಿದಿಯೊ ಮೆಲ್ಲಗೆ. “ಸರಿಯಾಗಿ ತೊಳೆದಿಲ್ಲ. ಇವು ಅದನ್ನ ತಿಂದು ಮಾಡಿವೆ.”

ಬೆಳೆಸುವಾಗ ಅವಕ್ಕೆ ಸಕ್ಕರೆ ಕೊಡುತ್ತಾರೆ. ಆಮೇಲೆ ಮತ್ತೆ ಮತ್ತೆ ತೊಳೆದು ಉಪವಾಸ ಕೆಡವಿದರೇನೇ ಅವು ಬಿಸಿಲನ್ನು ನೆಚ್ಚುವುದು. ಬಂದರಿನ ಬೆಕ್ಕುಗಳಿಗೆಂದು ಜೇಬಿನಲ್ಲಿ ಮೀನಿನ ತುಂಡು ಇಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ ಯಾರನ್ನಾದರೂ ಉಪವಾಸ ಕೆಡವುತ್ತಾನೆಯೇ? “ಪಾಪ, ಅವಕ್ಕೂ ಹಸಿವಾಗಲ್ವೇನೇ? ಒಂದ್ಸಲ ತೊಳೆದಿದ್ದು ಸಾಕು ಬಿಡು,” ಎನ್ನುತ್ತಿದ್ದುದು ಅವಳ ಕಿವಿಯಲ್ಲೇ ಇತ್ತು.

“ಹಾಳಾದೋನೆ!” ಎಂದು ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಗೆದ್ದವನ ನೆನಪು ಕೈಬಿಟ್ಟಿತು, ಮನೆಯ ಕತಾಲ್ದೊ ಎದುರಿಗೇ ಬಂದು ನಿಂತ. ಬೈಯಲಿಕ್ಕಾದರೂ ಒಮ್ಮೆ ಸಿಗಬಾರದೇ ಅವನು?

ಎಜಿದಿಯೊ ಸದ್ದಿಲ್ಲದೆ ಹೊರಗೆ ಹೋದ. ನುನ್ಸಿಯಾ ಗೂಟದಿಂದ ಆ ಕೋಟು ಇಳಿಸಿ ತೊಟ್ಟುಕೊಂಡು, ಉಳಿದ ಬ್ಯಾಕ್ಟೀರಿಯಾ ತೊಳೆಯಲು ನಿಂತಳು. ಒಮ್ಮೆ ತೊಳೆದಳು. ಮತ್ತೆ ನೀರು ಹಾಕುವ ಮೊದಲು, ಸಾಕು ಬಿಡೇ ಎಂದು ಯಾರಾದರೂ ಅಂದಾರೇನೋ ಎಂದು ಬಾಗಿಲ ಕಡೆ ನೋಡಿದಳು.

ಯಾರೂ ಅನ್ನಲಿಲ್ಲ. ಅವಳು ನೀರು ಹಾಕಿದಳು.