ಪೋರ್ಟ್ ತೆರೆದ ರವಿವಾರ

ಬೈರಿದೇವರಕೊಪ್ಪಕ್ಕೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದ ದಿನಗಳವು. ಹತ್ತಿ ವ್ಯಾಪಾರದ ಚನ್ನಬಸವ್ವನ ಮನೆಗೆ ಒಂದು ಲೈನು. ಅದರಿಂದಲೇ ಒಂದು ವೈರು ಗೋಡೆ ಹಾರಿ ಕಾಸಿಮಸಾಬನ ಮನೆಗೆ. ಪಲ್ಯದ ಬಟ್ಟಲು ದಿನಾ ದಾಟುವ ಗೋಡೆ, ಇಂಟರ್ನೆಟ್ ದಾಟಿದರೆ ಏನು ಮಹಾ!

ಆ ರವಿವಾರ ಕಾಸಿಮಸಾಬನ ಮಗಳು ಶಮೀಮಳ ಕೂಸಿಗೆ ಮಸ್ಕತ್ತಿನಲ್ಲಿ ಹೆಸರಿಡುವ ಕಾರ್ಯ. ಅಜ್ಜನಾದವನು ಕೂಸಿನ ಮುಖ ನೋಡುತ್ತ ಹೆಸರು ಹೇಳಬೇಕು, ಅದು ಅವರ ಮನೆತನದ ಪದ್ಧತಿ. ಮುಖ ಕಾಣಬೇಕಾದದ್ದು ಅವನ ಮನೆಯ ಕಂಪ್ಯೂಟರಿನಲ್ಲಿ. ಚನ್ನಬಸವ್ವ ಗೋಧಿಹುಗ್ಗಿ ಮಾಡಿಕೊಂಡು ಹೋಗಿ ಅಲ್ಲೇ ಕೂತಿದ್ದಳು.

ಈಚೆಮನೆಯಲ್ಲಿ ಅವಳ ಮಗ ರಾಜಶೇಖರನದು ಬೇರೆಯೇ ಅವಸರ. ಧಾರವಾಡದ ಗೆಳೆಯರು ಅವನ ಕಂಪ್ಯೂಟರಿನ ಆಟಕ್ಕೆ ಬಂದು ಸೇರಬೇಕು. ಎರಡೂ ಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ, ಆ ರೌಟರ್, ಅವರನ್ನು ಒಳಗೇ ಬಿಡುತ್ತಿಲ್ಲ; ಅದರಲ್ಲಿ ಆಟಕ್ಕೊಂದು ಬಾಗಿಲು, ಅಂದರೆ ಪೋರ್ಟ್, ತೆರೆಯಬೇಕು.

"ಏನಲೇ ಶೇಖ್ಯಾ, ಪೋರ್ಟ್ ತಗೀತೇನಿ ಅಂತ ಜಂಬ ಕೊಚ್ಚಿದ್ದಿ. ಮುಹೂರ್ತ ನೋಡಾಕತ್ತಿಯೇನು?" ಆ ಗೆಳೆಯರಲ್ಲೊಬ್ಬ ಕಲ್ಲೇಶ ಫೋನಿನಲ್ಲಿ ಕೆಣಕಿದ.

ರಾಜಶೇಖರ ರೌಟರಿನ ಪುಟ ತೆರೆದು, ಆಟದ ಪೋರ್ಟ್ ನಂಬರ್ ಹಾಕಿ ಸೇವ್ ಒತ್ತಿದ. ಒತ್ತಿದಾಗಲೆಲ್ಲ ಆ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ದೀಪಗಳು ಆರಿದ್ದೇ ತಡ, ಗೋಡೆಯಾಚೆ ಕಾಸಿಮಸಾಬನ ಕೂಗು: "ಹೋತು! ಕೂಸು ಹೋತು!"

"ಅಪಶಕುನ ನುಡೀಬ್ಯಾಡ್ರಿ, ಚಿತ್ರ ಹೋತು ಅನ್ರಿ!" ಇದು ಚನ್ನಬಸವ್ವ.

ತುಸು ಹೊತ್ತಿಗೆ, "ಬಂತು, ಬಂತು! ಎಲ್ಲಾರೂ ಸುಮ್ಮನಿರ್ರಿ!"

ಕಲ್ಲೇಶನಿಗೆ ಇನ್ನೂ ಸೇರಲಾಗಲಿಲ್ಲ. ರಾಜಶೇಖರ ಏನೋ ತಿದ್ದಿ ಮತ್ತೆ ಸೇವ್ ಒತ್ತಿದ. "ಹೋತು!" ಈ ಸಲ ಆ ಕೂಗಿಗೂ ತನ್ನ ಬೆರಳಿಗೂ ಇರುವ ಸಂಬಂಧ ಅವನಿಗೆ ಸ್ಪಷ್ಟವಾಗಿತ್ತು. ಇನ್ನೊಂದೇ ಸಲ ಅಂದುಕೊಂಡ. ಹಾಗೆಂದುಕೊಂಡೇ ಮತ್ತೊಂದು ಸಲ ಒತ್ತಿದ.

ಚನ್ನಬಸವ್ವ ಗೋಡೆಯ ಮೇಲಿಂದ ಇಣುಕಿದಳು. "ಶೇಖರಾ, ಲೈನಿಗೇನಾತೋ? ಅಲ್ಲೆ ಬೀಗರು ಕಾಯಾಕತ್ತಾರ."

"ಲೈನ್ ಖರಾಬ್ ಐತಿಬೇ. ಅದನ್ನ ನೋಡಾಕತ್ತೇನಿ."

ಸುಳ್ಳು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ಅವನಿಗೇ ಹೇಸಿಕೆಯಾಯಿತು. ಆದರೂ ಅವ್ವ ಅತ್ತ ಹೋದದ್ದೇ ಇನ್ನೊಮ್ಮೆ ಒತ್ತಿದ.

ಪೋರ್ಟ್ ತೆರೆಯಿತು. ಗೆಳೆಯರು ಗದ್ದಲ ಮಾಡುತ್ತ ಒಳಗೆ ನುಗ್ಗಿದರು. ಆಟ ರಂಗೇರಿತು, ರಾಜಶೇಖರ ಗೆದ್ದ. ಗೋಡೆಯಾಚೆ ಕೂಗು ಯಾವಾಗ ನಿಂತಿತೋ ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಹುಗ್ಗಿ ಉಣ್ಣಲು ಕರೆ ಬಂದಾಗ ಹೋದ. ಕಂಪ್ಯೂಟರಿನಲ್ಲಿ ಕೂಸು ನಿದ್ದೆಹೋಗಿತ್ತು. ಅದರ ಮುಂದೆ ಕಾಸಿಮಸಾಬ ಒಬ್ಬನೇ, ಹೊಸ ಟೊಪ್ಪಿಗೆ ತೊಡೆಯ ಮೇಲೆ. ಚನ್ನಬಸವ್ವ ಮಗನ ಕೈಗೆ ಹುಗ್ಗಿಯ ಬಟ್ಟಲು ಕೊಟ್ಟಳು.

"ಮಂದಿ ಎಷ್ಟಂತ ಕಾಯ್ತಾರಪಾ? ನನ್ನ ಬದಲಿ ಅಳಿಯನ ಕಾಕಾ ಹೆಸರು ಹೇಳಿಬಿಟ್ರು," ಎಂದ ಕಾಸಿಮಸಾಬ. "ನಿನಗೂ ಇವತ್ತ ತ್ರಾಸ್ ಆತು. ಎರಡು ಮನಿ ಭಾರ ಒಂದ ಲೈನಿಗೆ ಹೆಚ್ಚಾತು ಕಾಣಸ್ತೈತಿ. ನಮ್ಮ ವೈರ್ ತಗದಬಿಡು ತಮ್ಮಾ, ನಾವೇನ್ ತಪ್ಪ ತಿಳಕೊಳ್ಳಂಗಿಲ್ಲ."

ರಾಜಶೇಖರ ಬಟ್ಟಲನ್ನು ಕೆಳಗಿಟ್ಟ.

"ಲೈನ್ ಛಲೋನ ಇತ್ರೀ ಕಾಕಾ. ನಾನ... ಆಟಕ್ಕಂತ ಪೋರ್ಟ್ ತಗಿಯಾಕ ಹೋಗಿ, ನಾನ ಆರಿಸಿ ಆರಿಸಿ ಹಚ್ಚಿದ್ನಿ. ನಿಮ್ಮ ಕೂಗು ಕೇಳಸ್ತಿತ್ತು. ಕೇಳಿನೂ ಬಿಡಲಿಲ್ಲ."

ಚನ್ನಬಸವ್ವ ಸೆರಗು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಕಾಸಿಮಸಾಬ ತೊಡೆಯ ಮೇಲಿನ ಟೊಪ್ಪಿಗೆಯನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ ಕೇಳಿದ, ದನಿಯಲ್ಲಿ ಕೊಂಕು ಇರಲಿಲ್ಲ, ಶಾಲೆಯಿಂದ ಬಂದ ಹುಡುಗನನ್ನು ಕೇಳಿದ ಹಾಗಿತ್ತು:

"ಆಟ ಗೆದ್ದಿಯೇನಪಾ ಮತ್ತ?"